ಬೆನ್ನುಹುರಿಯ ಆಘಾತ, ಸಂತಾನ ಚಿಕಿತ್ಸೆ ಮತ್ತು ಮಿದುಳಿನ ರಕ್ತಸ್ರಾವ

ಬೆನ್ನುಹುರಿಗೆ ಪೆಟ್ಟುಬಿದ್ದು ಅಂಗಾಂಗಗಳ ಸ್ವಾಧೀನವನ್ನು ಕಳೆದುಕೊಂಡ ಪುರುಷರಲ್ಲಿ ಬಹುಮಂದಿಗೆ ಸಹಜವಾದ ವೀರ್ಯಸ್ಖಲನವೂ ತಪ್ಪಿಹೋಗುತ್ತದೆ. ಅಂಥವರಿಗೆ ತಂದೆಯಾಗುವ ಭಾಗ್ಯವನ್ನು ಮರಳಿ ದೊರಕಿಸಿಕೊಡಲು ವೈದ್ಯಶಾಸ್ತ್ರವು ಕಳೆದ ಮುಕ್ಕಾಲು ಶತಮಾನದಲ್ಲಿ ಕಂಡುಕೊಂಡ ಉಪಾಯಗಳು, ಅವುಗಳ ಪ್ರಯೋಗಕಾಲದಲ್ಲಿ ರಕ್ತದೊತ್ತಡವು ಹಠಾತ್ತನೆ ಮಿತಿಮೀರಿ ಏರುವ ಅಪಾಯ, ಆ ಏರಿಕೆಯಿಂದ ಮಿದುಳಿನ ರಕ್ತನಾಳ ಒಡೆದು ಪಾರ್ಶ್ವವಾಯು ಸಂಭವಿಸುವ ಸಾಧ್ಯತೆ, ಅದನ್ನು ತಡೆಗಟ್ಟುವ ಕ್ರಮ, ಇವು ಈ ಲೇಖನದ ವಿಷಯ. ಚಿಕಿತ್ಸೆಯೂ ಅಪಾಯವೂ ಒಂದೇ ನರಮಾರ್ಗದಲ್ಲಿ ಸಂಚರಿಸುತ್ತವೆ ಎಂಬುದು ಈ ವಿಷಯದ ತಿರುಳು. ಗಾಯದ ಕೆಳಗೆ ಜೀವಂತವಾಗಿ ಉಳಿದಿರುವ ಬೆನ್ನುಹುರಿಯ ಭಾಗವು ಯಾವ ಪ್ರಚೋದನೆಗೆ ಓಗೊಟ್ಟು ವೀರ್ಯವನ್ನು ಹೊರಹಾಕುತ್ತದೆಯೋ, ಅದೇ ಪ್ರಚೋದನೆಗೆ ಓಗೊಟ್ಟು ಹೊಟ್ಟೆಯ ರಕ್ತನಾಳಗಳನ್ನೆಲ್ಲ ಬಿಗಿದು ರಕ್ತದೊತ್ತಡವನ್ನು ಮೇಲಕ್ಕೊಯ್ಯುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲಿ ಮುಂದಿನ ವಿವರಗಳೆಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುವುವು.

ಜಗತ್ತಿನಲ್ಲಿ ಬೆನ್ನುಹುರಿಯ ಊನದೊಡನೆ ಬಾಳುತ್ತಿರುವವರ ಸಂಖ್ಯೆ 1 ಕೋಟಿ 50 ಲಕ್ಷಕ್ಕೂ ಮೀರಿದುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವರಲ್ಲಿ ಪುರುಷರೇ ಹೆಚ್ಚು. ಅದರಲ್ಲಿಯೂ ಅಪಘಾತಕ್ಕೆ ಸಿಕ್ಕವರಲ್ಲಿ ಮದುವೆಯ ಹೊಸ್ತಿಲಲ್ಲಿರುವ ಅಥವಾ ಸಂಸಾರವನ್ನು ಆಗತಾನೆ ಆರಂಭಿಸಿದ ತರುಣರು ಬಹಳ. ಆದುದರಿಂದ ಸಂತಾನದ ಪ್ರಶ್ನೆಯು ಇವರ ಬದುಕಿನಲ್ಲಿ ಗೌಣವಾದುದೆಂದು ಯಾರೂ ಭಾವಿಸಲಾಗದು. ನಡೆಯುವ ಶಕ್ತಿ ಹೋದುದಕ್ಕಿಂತಲೂ ಮನೆಯಲ್ಲಿ ಮಗುವಿನ ದನಿ ಕೇಳಲಾರದೆಂಬ ನೋವು ದೊಡ್ಡದೆಂದು ಭಾವಿಸುವ ದಂಪತಿಗಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಈ ಅಪೇಕ್ಷೆಯನ್ನು ಹಗುರವಾಗಿ ಕಾಣುವ ವೈದ್ಯವು ಅಪೂರ್ಣವಾದ ವೈದ್ಯವೆಂದೇ ಹೇಳಬೇಕು.

ವೀರ್ಯಸ್ಖಲನವು ಎರಡು ಹಂತಗಳಲ್ಲಿ ನಡೆಯತಕ್ಕ ಕ್ರಿಯೆ. ಮೊದಲನೆಯದರಲ್ಲಿ ವೀರ್ಯನಾಳ, ವೀರ್ಯಕೋಶ, ಪ್ರಾಸ್ಟೇಟ್ ಗ್ರಂಥಿಗಳು ಸಂಕುಚಿಸಿ ತಮ್ಮ ದ್ರವಗಳನ್ನು ಮೂತ್ರನಾಳದ ಹಿಂಭಾಗಕ್ಕೆ ತಂದು ಸೇರಿಸುತ್ತವೆ. ಇದನ್ನು ನಡೆಸುವ ಅನುವೇದನಾ ನರಗಳು ಬೆನ್ನುಹುರಿಯ ಎದೆಭಾಗದ ಕೊನೆಯ ಖಂಡಗಳಿಂದಲೂ ಸೊಂಟದ ಮೊದಲೆರಡು ಖಂಡಗಳಿಂದಲೂ ಹೊರಡುತ್ತವೆ. ಎರಡನೆಯದರಲ್ಲಿ ಮೂತ್ರಕೋಶದ ಬಾಯಿ ಮುಚ್ಚಿಕೊಂಡು, ಶ್ರೋಣಿಯ ತಳದ ಸ್ನಾಯುಗಳು ಲಯಬದ್ಧವಾಗಿ ಮಿಡಿದು ವೀರ್ಯವನ್ನು ಹೊರದೂಡುತ್ತವೆ; ಇದಕ್ಕೆ ಬೇಕಾದ ನರಗಳು ಅದಕ್ಕೂ ಕೆಳಗೆ, ತ್ರಿಕಭಾಗದ 2ರಿಂದ 4ನೆಯ ಖಂಡಗಳಲ್ಲಿವೆ. ಇವೆರಡನ್ನೂ ಹೊಂದಿಸಿ ನಡೆಸತಕ್ಕ ಒಂದು ಕೇಂದ್ರವು ಸೊಂಟದ ಭಾಗದ ಬೆನ್ನುಹುರಿಯಲ್ಲಿಯೇ ಇದೆಯೆಂಬುದು 2002ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ಸ್ಪಷ್ಟವಾಯಿತು. ಹೀಗಿರಲಾಗಿ, ಕುತ್ತಿಗೆಯಲ್ಲಿಯೋ ಎದೆಯ ಮೇಲ್ಭಾಗದಲ್ಲಿಯೋ ಗಾಯವಾದವನ ದೇಹದಲ್ಲಿ ಈ ಯಂತ್ರವೆಲ್ಲವೂ ಕೆಡದೆ ಉಳಿದಿರುತ್ತದೆ. ತಪ್ಪಿಹೋಗಿರುವುದು ಮಿದುಳಿನಿಂದ ಬರಬೇಕಾದ ಪ್ರೇರಣೆ ಮಾತ್ರ. ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದಲ್ಲಿ ನ್ಯಾನ್ಸಿ ಬ್ರಾಕೆಟ್, ಚಾರ್ಲ್ಸ್ ಲಿನ್ ಮೊದಲಾದವರು ಬೆನ್ನುಹುರಿಗೆ ಗಾಯವಾದ 500 ಮಂದಿ ಪುರುಷರನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಯಾವ ಸಾಧನದ ನೆರವೂ ಇಲ್ಲದೆ ಸ್ಖಲನವನ್ನು ಪಡೆಯಬಲ್ಲವರು ನೂರಕ್ಕೆ 9 ಮಂದಿ ಮಾತ್ರ.

ಇನ್ನು ಅಪಾಯದ ಕಾರಣವನ್ನು ವಿಚಾರಿಸೋಣ. ಆರೋಗ್ಯವಂತನ ದೇಹದಲ್ಲಿ ರಕ್ತನಾಳಗಳನ್ನು ಬಿಗಿಹಿಡಿಯುವ ಅನುವೇದನಾ ನರಗಳು ಎದೆಯ 1ನೆಯ ಖಂಡದಿಂದ ಸೊಂಟದ 2ನೆಯ ಖಂಡದವರೆಗಿನ ಬೆನ್ನುಹುರಿಯಿಂದ ಹೊರಟು, ಮಿದುಳುಕಾಂಡದ ಅಪ್ಪಣೆಯಂತೆ ಕೆಲಸಮಾಡುತ್ತಿರುತ್ತವೆ. ಇವುಗಳ ಪೈಕಿ ಜಠರ, ಕರುಳು, ಯಕೃತ್ತುಗಳ ವಿಶಾಲವಾದ ರಕ್ತನಾಳಸಮೂಹವನ್ನು ಆಳುವ ನರಗಳು ಮುಖ್ಯವಾಗಿ ಎದೆಯ 5ರಿಂದ 9ನೆಯ ಖಂಡಗಳವು. ಎದೆಯ 6ನೆಯ ಖಂಡದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿ ತುಂಡಾದಾಗ, ದೇಹದ ರಕ್ತದ ಬಹುಭಾಗವನ್ನು ತುಂಬಿಕೊಳ್ಳಬಲ್ಲ ಈ ಭಂಡಾರವು ಮಿದುಳಿನ ಅಂಕೆಯಿಂದ ತಪ್ಪಿಹೋಗುತ್ತದೆ. ಗಾಯದ ಕೆಳಗಿನ ಯಾವುದಾದರೊಂದು ಅಂಗದಿಂದ, ತುಂಬಿದ ಮೂತ್ರಕೋಶದಿಂದಾಗಲಿ, ಮಲಬದ್ಧತೆಯಿಂದಾಗಲಿ, ಹಾಸಿಗೆ ಹುಣ್ಣಿನಿಂದಾಗಲಿ, ಚರ್ಮದೊಳಕ್ಕೆ ಬೆಳೆದ ಉಗುರಿನಿಂದಾಗಲಿ, ಬಲವಾದ ಸಂವೇದನೆಯೊಂದು ಬೆನ್ನುಹುರಿಯನ್ನು ಪ್ರವೇಶಿಸಿದಾಗ, ಅದು ಮಿದುಳನ್ನು ಮುಟ್ಟಲಾರದೆ ಅಲ್ಲಿಯೇ ಅನುವೇದನಾ ನರಕೋಶಗಳನ್ನು ಕೆರಳಿಸುತ್ತದೆ. ಹೊಟ್ಟೆಯ ರಕ್ತನಾಳಗಳು ಏಕಕಾಲದಲ್ಲಿ ಬಿಗಿದುಕೊಳ್ಳುತ್ತವೆ. ಅಲ್ಲಿದ್ದ ರಕ್ತವು ಮೇಲಕ್ಕೆ ತಳ್ಳಲ್ಪಟ್ಟು ಒತ್ತಡವು ಏರುತ್ತದೆ. ಗಂಟಲಿನ ಮತ್ತು ಮಹಾಧಮನಿಯ ಒತ್ತಡಗ್ರಾಹಿಗಳು ಈ ಏರಿಕೆಯನ್ನು ಕೂಡಲೇ ಮಿದುಳುಕಾಂಡಕ್ಕೆ ವರದಿಮಾಡುತ್ತವೆ. ಮಿದುಳುಕಾಂಡವೂ ಸುಮ್ಮನಿರದೆ, ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ನಿಧಾನಗೊಳಿಸಿ, ರಕ್ತನಾಳಗಳನ್ನು ಸಡಿಲಿಸುವಂತೆ ಕೆಳಕ್ಕೆ ಆಜ್ಞೆಯನ್ನು ಕಳುಹಿಸುತ್ತದೆ. ಕೆರೆಯ ಏರಿ ಒಡೆಯುವಂತಿದೆಯೆಂದು ಊರವರು ಕೂಗಿ ಹೇಳಿದರೂ ತೂಬಿನ ಬಳಿಯ ನೀರುಗಂಟಿಗೆ ಆ ಕೂಗು ಮುಟ್ಟದಂತೆ, ಈ ಆಜ್ಞೆಯು ಗಾಯದ ಬಳಿಯಲ್ಲಿಯೇ ನಿಂತುಹೋಗುತ್ತದೆ. ಇದಕ್ಕೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂದು ಹೆಸರು. ಮುಂದೆ ಇದನ್ನು ಪರಾವರ್ತನ ವಿಕೋಪವೆಂದು ಕರೆಯಲಾಗಿದೆ.

ವಿಕೋಪದ ಲಕ್ಷಣಗಳು ಗಾಯದ ಮೇಲೊಂದು ಬಗೆ, ಕೆಳಗೊಂದು ಬಗೆ. ಮೇಲ್ಭಾಗದಲ್ಲಿ, ಮಿದುಳಿನ ಆಜ್ಞೆ ನಡೆಯುವ ಕಡೆಯಲ್ಲಿ, ಮುಖ ಕೆಂಪಾಗಿ, ಹಣೆಯಲ್ಲಿ ಬೆವರು ಹರಿದು, ಮೂಗು ಕಟ್ಟಿಕೊಂಡು, ತಲೆ ಸಿಡಿಯುವಂತಹ ನೋವು ಬರುತ್ತದೆ. ಕೆಳಭಾಗದಲ್ಲಿ ಚರ್ಮ ತಣ್ಣಗಾಗಿ ಬಿಳಿಚಿಕೊಂಡು ರೋಮಗಳು ನಿಮಿರುತ್ತವೆ. ಸಂಕೋಚನದ ಒತ್ತಡವು ರೋಗಿಯ ಸಹಜ ಮಟ್ಟಕ್ಕಿಂತ ಪಾದರಸದ 20 ಮಿಲಿಮೀಟರಿನಷ್ಟು ಏರಿದರೆ ಅದನ್ನು ವಿಕೋಪವೆಂದೇ ಗಣಿಸಬೇಕೆಂದು ವೈದ್ಯರ ಒಮ್ಮತ. ಇಲ್ಲಿ ಸಹಜ ಮಟ್ಟವೆಂಬ ಮಾತಿಗೆ ವಿಶೇಷ ಗಮನ ಸಲ್ಲಬೇಕು. ಕುತ್ತಿಗೆಯ ಬೆನ್ನುಹುರಿಗೆ ಗಾಯವಾದವರಲ್ಲಿ ಆ ಮಟ್ಟವು ಸಾಮಾನ್ಯವಾಗಿ 90ರಿಂದ 110 ಮಿಲಿಮೀಟರು. ಅಂಥವನಲ್ಲಿ 140 ಎಂಬ ಅಂಕಿಯನ್ನು ಕಂಡ ವೈದ್ಯನು, ಬೇರೆಯವರ ಲೆಕ್ಕವನ್ನು ಅವನಿಗೂ ಹಚ್ಚಿ, ಅಷ್ಟೇನೂ ಹೆಚ್ಚಲ್ಲವೆಂದು ಸಮಾಧಾನಪಟ್ಟುಕೊಂಡರೆ, ಅಪಾಯದ ಮೊದಲ ಸೂಚನೆಯನ್ನೇ ಕೈಬಿಟ್ಟಂತೆ. ಗಾಯವಾದ ಮೊದಲ ದಿನಗಳಲ್ಲಿ ಬೆನ್ನುಹುರಿಯು ಸ್ತಬ್ಧವಾಗಿರುವುದರಿಂದ ವಿಕೋಪವು ಅಪರೂಪ. ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಗಾಯದ ಕೆಳಗಿನ ಸಂವೇದನಾ ನರತಂತುಗಳು ಹೊಸದಾಗಿ ಕವಲೊಡೆದು, ರಕ್ತನಾಳಗಳೂ ನಾರ್‌ಅಡ್ರಿನಲಿನ್ ರಸಕ್ಕೆ ಅತಿಯಾಗಿ ಸ್ಪಂದಿಸತೊಡಗಿದ ಬಳಿಕ, ಅದು ಪೂರ್ಣಸ್ವರೂಪದಲ್ಲಿ ತೋರಿಕೊಳ್ಳುತ್ತದೆ.

ಮಿದುಳಿನ ರಕ್ತನಾಳಗಳಿಗೆ ಒತ್ತಡದ ಏರಿಳಿತಗಳನ್ನು ತಾಳಿಕೊಂಡು ರಕ್ತಪ್ರವಾಹವನ್ನು ಏಕರೂಪವಾಗಿ ಕಾಯ್ದುಕೊಳ್ಳುವ ಸಾಮರ್ಥ್ಯವಿದೆ. ಡೆನ್ಮಾರ್ಕಿನ ನೀಲ್ಸ್ ಲಾಸನ್ 1959ರಲ್ಲಿ ವಿಶದಪಡಿಸಿದ ಈ ಗುಣಕ್ಕೆ ಮೇಲೂ ಕೆಳಗೂ ಮಿತಿಗಳುಂಟು. ಸರಾಸರಿ ಒತ್ತಡವು ಸುಮಾರು 60ರಿಂದ 150 ಮಿಲಿಮೀಟರುಗಳ ನಡುವೆ ಇರುವಷ್ಟು ಕಾಲ ನಾಳಗಳು ತಾವೇ ಹಿಗ್ಗಿ ಕುಗ್ಗಿ ಸರಿದೂಗಿಸಿಕೊಳ್ಳುತ್ತವೆಂದು ಪಠ್ಯಗ್ರಂಥಗಳು ಹೇಳುತ್ತವೆ. ವಿಕೋಪದಲ್ಲಿ ಸಂಕೋಚನದ ಒತ್ತಡವು 200ನ್ನು, ಕೆಲವೊಮ್ಮೆ 250ನ್ನು ಮೀರುವುದುಂಟು. ಆಗ ಮೇಲ್ಮಿತಿ ಕುಸಿದು, ಸೂಕ್ಷ್ಮವಾದ ಧಮನಿಗಳು ಒತ್ತಡಕ್ಕೆ ತೆರೆದುಕೊಂಡು, ರಕ್ತರಸವು ಮಿದುಳಿನೊಳಕ್ಕೆ ಜಿನುಗಿ ಊತವನ್ನೂ ಸೆಳವನ್ನೂ ದೃಷ್ಟಿಲೋಪವನ್ನೂ ಉಂಟುಮಾಡುತ್ತದೆ. ಧಮನಿಯೇ ಒಡೆದಲ್ಲಿ ರಕ್ತಸ್ರಾವದ ಪಾರ್ಶ್ವವಾಯು. ಈಗಾಗಲೇ ಎರಡು ಕಾಲುಗಳನ್ನೋ ನಾಲ್ಕು ಅಂಗಗಳನ್ನೋ ಕಳೆದುಕೊಂಡವನಿಗೆ ಇದು ಮಾತನ್ನೂ ಬುದ್ಧಿಯನ್ನೂ ಕಸಿದುಕೊಳ್ಳಬಹುದು; ಜೀವವನ್ನೇ ತೆಗೆಯಲೂಬಹುದು. ವಿಕೋಪದಿಂದ ಪ್ರಾಣಾಪಾಯಕ್ಕೊಳಗಾದವರ ಪ್ರಸಂಗಗಳನ್ನು ವೈದ್ಯಸಾಹಿತ್ಯದಿಂದ ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ 32 ಪ್ರಸಂಗಗಳು ದೊರೆತವು; ಅವುಗಳಲ್ಲಿ 23 ಮಿದುಳು ಮತ್ತು ನರವ್ಯೂಹಕ್ಕೆ ಸಂಬಂಧಿಸಿದವು, 7 ಮಂದಿ ಮರಣಹೊಂದಿದವರು. ಈ 32ರಲ್ಲಿ ಕಾರಣಗಳು ಬಗೆಬಗೆಯವು. ಸಂತಾನ ಚಿಕಿತ್ಸೆಯೊಂದರಿಂದಲೇ ಇವೆಲ್ಲವೂ ಉಂಟಾದುವೆಂದು ಯಾರೂ ತಿಳಿಯಬಾರದು. ಮುಖ್ಯವಾದ ಮಾತೆಂದರೆ, ವಿಕೋಪವು ಕೊಲ್ಲುವಾಗ ಬಹುತೇಕ ಮಿದುಳಿನ ಮೂಲಕವೇ ಕೊಲ್ಲುತ್ತದೆ.

ಈ ವಿದ್ಯಮಾನವನ್ನು ಮನುಷ್ಯನು ಅರಿತುಕೊಂಡ ಕಥೆಯು ಎರಡು ಮಹಾಯುದ್ಧಗಳ ಕಥೆಯೊಡನೆ ಹೆಣೆದುಕೊಂಡಿದೆ. 1890ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆಂಥನಿ ಬೌಲ್ಬಿಯು ಬೆನ್ನುಹುರಿ ಜಖಂಗೊಂಡ ತರುಣನೊಬ್ಬನಲ್ಲಿ, ಮೂತ್ರ ತೆಗೆಯಲು ನಳಿಕೆಯನ್ನು ತೂರಿಸಿದಾಗಲೆಲ್ಲ ತಲೆ ಕುತ್ತಿಗೆಗಳಲ್ಲಿ ಬೆವರೂ ಕೆಂಪು ಮಚ್ಚೆಗಳೂ ತೋರುವುದನ್ನು ಬರೆದಿಟ್ಟನು. ಮೊದಲನೆಯ ಮಹಾಯುದ್ಧದ ಗಾಯಾಳುಗಳನ್ನು ಪರೀಕ್ಷಿಸಿದ ಹೆನ್ರಿ ಹೆಡ್ ಮತ್ತು ಜಾರ್ಜ್ ರಿಡಾಕ್ ಇವರು 1917ರಲ್ಲಿ ತುಂಬಿದ ಮೂತ್ರಕೋಶಕ್ಕೂ ಅತಿಬೆವರಿಗೂ ಇರುವ ಸಂಬಂಧವನ್ನು ವಿವರಿಸಿದರು. ಆದರೆ ಆ ಕಾಲದಲ್ಲಿ ಬೆನ್ನುಹುರಿ ಮುರಿದ ಸೈನಿಕನು ಹುಣ್ಣಿನಿಂದಲೋ ಮೂತ್ರಾಂಗದ ಸೋಂಕಿನಿಂದಲೋ ಬೇಗನೆ ಸಾಯುವುದೇ ವಾಡಿಕೆಯಾಗಿದ್ದುದರಿಂದ, ಸಂತಾನದ ಮಾತು ಯಾರ ನಾಲಗೆಗೂ ಬರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಈ ಸ್ಥಿತಿ ಬದಲಾಯಿತು. ಹಿಟ್ಲರನ ಆಳ್ವಿಕೆಯಿಂದ ತಪ್ಪಿಸಿಕೊಂಡು 1939ರಲ್ಲಿ ಇಂಗ್ಲೆಂಡಿಗೆ ಬಂದ ಯೆಹೂದಿ ನರವೈದ್ಯ ಲುಡ್ವಿಗ್ ಗುಟ್‌ಮನ್ನನು 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ಲಿನ ಆಸ್ಪತ್ರೆಯಲ್ಲಿ ಬೆನ್ನುಹುರಿ ಕೇಂದ್ರವನ್ನು ತೆರೆದು, ರೋಗಿಗಳನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಾಯಿಸುವುದು, ಮೂತ್ರಕೋಶವನ್ನು ಶುಚಿಯಾಗಿಡುವುದು ಮೊದಲಾದ ಕಟ್ಟುನಿಟ್ಟಾದ ಕ್ರಮಗಳಿಂದ ಅವರನ್ನು ಉಳಿಸಿಕೊಂಡನು. ಉಳಿದವರು ದುಡಿದರು, ಆಟವಾಡಿದರು. 1948ರಲ್ಲಿ ಆತನು ಅಲ್ಲಿ ಆರಂಭಿಸಿದ ಕ್ರೀಡಾಕೂಟವೇ ಇಂದಿನ ಪ್ಯಾರಾಲಿಂಪಿಕ್ಸಿನ ಮೂಲ. ಅವರು ಮದುವೆಯಾದರು, ಮಕ್ಕಳನ್ನೂ ಬಯಸಿದರು. 1947ರಲ್ಲಿ ಗುಟ್‌ಮನ್ ಮತ್ತು ಡೇವಿಡ್ ವಿಟರಿಜ್ ಇವರು ಮೂತ್ರಕೋಶವನ್ನು ಹಿಗ್ಗಿಸಿ, ರಕ್ತದೊತ್ತಡ ಮತ್ತು ಹೃದಯಬಡಿತಗಳನ್ನು ಅಳೆದು ಪ್ರಕಟಿಸಿದ ಪ್ರಬಂಧವು ಬೆವರಿನ ಹಿಂದೆ ಅಡಗಿದ್ದ ಒತ್ತಡದ ಏರಿಕೆಯನ್ನು ಬಯಲಿಗೆ ತಂದಿತು. ಅಪಾಯವನ್ನು ಅಳೆದು ತೋರಿಸಿದ ಅದೇ ಕೈ ಸಂತಾನದ ಚಿಕಿತ್ಸೆಯನ್ನೂ ಆರಂಭಿಸಿತು.

ಗುಟ್‌ಮನ್ನನು ಅನುಸರಿಸಿದ ಉಪಾಯವು ನಿಯೋಸ್ಟಿಗ್ಮಿನ್ ಎಂಬ ಔಷಧಿಯನ್ನು ಸೊಂಟದ ಬಳಿ ಸೂಜಿಯ ಮೂಲಕ ಬೆನ್ನುಹುರಿಯ ಸುತ್ತಣ ದ್ರವದೊಳಕ್ಕೆ ಸೇರಿಸುವುದು. ಔಷಧಿಯು ಕೆಳಗಿನ ನರಕೋಶಗಳನ್ನು ಉದ್ರೇಕಿಸಿ, ಕೆಲವು ಗಂಟೆಗಳಲ್ಲಿ, ಒಮ್ಮೊಮ್ಮೆ ಪುನಃಪುನಃ, ಸ್ಖಲನವನ್ನು ಉಂಟುಮಾಡುತ್ತಿದ್ದಿತು. ಅನೇಕರಲ್ಲಿ ಫಲ ಸಿಕ್ಕಿತು. ಕೆಲವರು ತಂದೆಯರೂ ಆದರು. ಆದರೆ ಈ ವಿಧಾನದ ದೋಷವು ಅದರ ಸ್ವಭಾವದಲ್ಲಿಯೇ ಇದ್ದಿತು: ಒಮ್ಮೆ ಒಳಸೇರಿದ ಔಷಧಿಯನ್ನು ಹಿಂದಕ್ಕೆ ತೆಗೆಯುವಂತಿಲ್ಲ, ವಾಂತಿ, ತಲೆನೋವು, ಒತ್ತಡದ ಏರಿಕೆಗಳು ಆರಂಭವಾದಲ್ಲಿ ಅವು ತಾವಾಗಿ ಇಳಿಯುವವರೆಗೆ ಕಾಯಬೇಕು. ಈ ಪ್ರಯೋಗದ ತರುವಾಯ ವಿಕೋಪವುಂಟಾಗಿ ಮಿದುಳಿನ ರಕ್ತಸ್ರಾವದಿಂದ ರೋಗಿಯು ಮೃತನಾದ ಪ್ರಸಂಗವು ವೈದ್ಯಸಾಹಿತ್ಯದಲ್ಲಿ ದಾಖಲೆಯಾಗಿದೆ. ಮಗುವನ್ನು ಬಯಸಿ ಬಂದವನು ಪ್ರಾಣವನ್ನೇ ತೆತ್ತ ಈ ದುರಂತವು, ಈ ಲೇಖನದ ವಿಷಯಕ್ಕೆ ಎಲ್ಲಕ್ಕಿಂತ ಸ್ಪಷ್ಟವಾದ ನಿದರ್ಶನ. ಕಾಲಕ್ರಮದಲ್ಲಿ ನಿಯೋಸ್ಟಿಗ್ಮಿನ್ ವಿಧಾನವು ಬಳಕೆ ತಪ್ಪಿತು. ಚರ್ಮದಡಿಗೆ ಫೈಸೋಸ್ಟಿಗ್ಮಿನ್ ಚುಚ್ಚುವ ಕ್ರಮವನ್ನು ಫ್ರಾನ್ಸಿನಲ್ಲಿ ಕೆಲಕಾಲ ಅನುಸರಿಸಿದರು. ಅದೂ ಹಿಂದಕ್ಕೆ ಸರಿಯಿತು.

ಇವುಗಳ ಸ್ಥಾನಕ್ಕೆ ಬಂದುದು ಕಂಪನ ವಿಧಾನ. ಶಿಶ್ನದ ತುದಿಗೆ ವೈಬ್ರೇಟರನ್ನು ಒತ್ತಿಹಿಡಿದಾಗ ಅಲ್ಲಿನ ನರದ ಮೂಲಕ ಸಂವೇದನೆಗಳು ತ್ರಿಕಭಾಗವನ್ನು ಸೇರಿ ಸ್ಖಲನದ ಪರಾವರ್ತಿತ ಕ್ರಿಯೆಯನ್ನು ಎಚ್ಚರಿಸುತ್ತವೆ. 1960ರ ದಶಕದಲ್ಲಿ ತಿಳಿದುಬಂದ ಈ ಉಪಾಯವನ್ನು ಬೆನ್ನುಹುರಿ ಗಾಯಾಳುಗಳಲ್ಲಿ ಕ್ರಮವಾಗಿ ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದವನು ಇಂಗ್ಲೆಂಡಿನ ಶರೀರವಿಜ್ಞಾನಿ ಜೈಲ್ಸ್ ಬ್ರಿಂಡ್ಲಿ. ಕಂಪನದ ವೇಗಕ್ಕಿಂತ ಅದರ ಹರಹು ಮುಖ್ಯವೆಂಬುದನ್ನು 1994ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸೋನ್ಕ್ಸನ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಸೆಕೆಂಡಿಗೆ 100 ಆವರ್ತಗಳ ಕಂಪನದಲ್ಲಿ ಹರಹನ್ನು 1 ಮಿಲಿಮೀಟರಿನಿಂದ 2.5 ಮಿಲಿಮೀಟರಿಗೆ ಏರಿಸಿದ ಮಾತ್ರಕ್ಕೆ ಹಿಂದೆ ವಿಫಲರಾಗಿದ್ದ ಅನೇಕರು ಸಫಲರಾದರು. ಎದೆಯ 10ನೆಯ ಖಂಡ ಅಥವಾ ಅದರ ಮೇಲೆ ಗಾಯವಾದವರಲ್ಲಿ ನೂರಕ್ಕೆ 86 ಮಂದಿಗೆ ಇದು ಫಲಿಸಿತೆಂದು ಮಯಾಮಿಯ ಅನುಭವ. ಅದಕ್ಕಿಂತ ಕೆಳಗೆ ಗಾಯವಾಗಿ, ಪರಾವರ್ತನೆಯ ಕೇಂದ್ರವೇ ನಾಶವಾದವರಲ್ಲಿ ಫಲವು ತೀರ ಕಡಮೆ. ಎಂದರೆ, ಕಂಪನಕ್ಕೆ ಚೆನ್ನಾಗಿ ಓಗೊಡುವ ದೇಹವೂ ವಿಕೋಪಕ್ಕೆ ಸುಲಭವಾಗಿ ತುತ್ತಾಗುವ ದೇಹವೂ ಬಹುಮಟ್ಟಿಗೆ ಒಂದೇ. ಕುತ್ತಿಗೆಯ ಗಾಯಾಳುವಿನಲ್ಲಿ ಹೊಟ್ಟೆಯ ಸ್ನಾಯುಗಳು ಸೆಟೆದು, ಕಾಲುಗಳು ನಡುಗಿ, ರೋಮ ನಿಮಿರಿ, ಸ್ಖಲನ ಸಮೀಪಿಸಿತೆಂದು ಸೂಚನೆ ಕೊಡುವ ಕ್ಷಣವೇ ರಕ್ತದೊತ್ತಡವು ಶಿಖರಕ್ಕೇರುವ ಕ್ಷಣವೂ ಆಗಿರುತ್ತದೆ. ಫಲ ಇನ್ನೇನು ಕೈಗೆ ಬಂತೆನ್ನುವ ಆ ಹೊತ್ತಿನಲ್ಲಿ ಯಂತ್ರವನ್ನು ಕೆಳಗಿಡಲು ರೋಗಿಗೂ ಮನಸ್ಸಾಗದು, ವೈದ್ಯನಿಗೂ ಆಗದು. ಅಪಾಯದ ಬಹುಭಾಗವು ಈ ಸಹಜವಾದ ಆಸೆಯಲ್ಲಿದೆ. ಆದರೂ ನಿಯೋಸ್ಟಿಗ್ಮಿನ್ನಿಗೆ ಹೋಲಿಸಿದಲ್ಲಿ ಕಂಪನಕ್ಕೆ ಒಂದು ಮಹತ್ತರವಾದ ಗುಣವುಂಟು. ಯಂತ್ರವನ್ನು ತೆಗೆದೊಡನೆ ಪ್ರಚೋದನೆಯು ನಿಲ್ಲುತ್ತದೆ, ಸಾಮಾನ್ಯವಾಗಿ ಒತ್ತಡವೂ ಬೇಗನೆ ಇಳಿಯತೊಡಗುತ್ತದೆ.

ಕಂಪನ ಫಲಿಸದವರಿಗೆ ವಿದ್ಯುತ್‌ಸ್ಖಲನ. ಪಶುವೈದ್ಯರು 1930ರ ದಶಕದಲ್ಲಿ ಟಗರುಗಳಿಂದ ವೀರ್ಯವನ್ನು ಪಡೆಯಲು ರೂಪಿಸಿದ ಈ ಕ್ರಮವನ್ನು 1948ರಲ್ಲಿ ಅಮೆರಿಕದ ವೈದ್ಯರು ಬೆನ್ನುಹುರಿ ಗಾಯಾಳುಗಳ ಮೇಲೆ ಮೊದಲು ಪ್ರಯೋಗಿಸಿದರು; 1970ರ ದಶಕದಲ್ಲಿ ಇದರಿಂದ ಗರ್ಭಧಾರಣೆಗಳಾದ ವರದಿಗಳು ಬಂದವು; ವನ್ಯಮೃಗಗಳ ಸಂತಾನರಕ್ಷಣೆಗಾಗಿ ದುಡಿದ ಪಶುವೈದ್ಯ ಸ್ಟೀಫನ್ ಸೀಗರನು ಗುದನಾಳದೊಳಗಿನ ಉಷ್ಣತೆಯನ್ನು ಅಳೆಯುತ್ತಲೇ ಇರುವ ಸಾಧನವನ್ನು ನಿರ್ಮಿಸಿದ ಮೇಲೆ ಸುಡುಗಾಯದ ಭಯವು ತಗ್ಗಿತು. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಗುದನಾಳದೊಳಗಿಟ್ಟ ಸಲಾಕೆಯ ಮೂಲಕ ಪ್ರಾಸ್ಟೇಟಿನ ಸುತ್ತಣ ನರಗಳಿಗೆ ವಿದ್ಯುತ್ತನ್ನು ಅಲೆಅಲೆಯಾಗಿ ಏರಿಸಿ ಕೊಡುತ್ತಾರೆ. ಸುಮಾರು ನೂರಕ್ಕೆ 95 ಮಂದಿಯಲ್ಲಿ ವೀರ್ಯವು ದೊರೆಯುತ್ತದೆ. ಅದರಲ್ಲೊಂದಂಶವು ಹಿಮ್ಮುಖವಾಗಿ ಮೂತ್ರಕೋಶಕ್ಕೆ ಇಳಿಯುವುದರಿಂದ ಮುಂಚಿತವಾಗಿ ಮೂತ್ರವನ್ನು ತೆಗೆದು, ವೀರ್ಯಾಣುಗಳಿಗೆ ಹಿತವಾದ ದ್ರವವನ್ನು ಅಲ್ಲಿ ತುಂಬಿರುತ್ತಾರೆ. ಗುದನಾಳದ ಹಿಗ್ಗುವಿಕೆಯೂ ವಿದ್ಯುತ್ತೂ ಎರಡೂ ಸೇರಿ ವಿಕೋಪವನ್ನು ಕೆರಳಿಸಬಲ್ಲವು. ಸಂವೇದನೆ ಪೂರ್ತಿ ಹೋದವರಿಗೆ ಅರಿವಳಿಕೆಯು ಬೇಕಾಗದು. ಸ್ವಲ್ಪ ಉಳಿದವರಿಗೆ ನೋವಿನ ದೆಸೆಯಿಂದ ಬೇಕಾಗುತ್ತದೆ.

ತಡೆಗಟ್ಟುವ ಕ್ರಮದಲ್ಲಿ ಮೊಟ್ಟಮೊದಲನೆಯದು ಅಪಾಯಕ್ಕೊಳಗಾಗುವವನನ್ನು ಗುರುತಿಸುವುದು. ಎದೆಯ 6ನೆಯ ಖಂಡ ಅಥವಾ ಮೇಲೆ ಗಾಯವಾದವನೇ, ಹಿಂದೆ ವಿಕೋಪವಾಗಿದೆಯೇ, ಅವನ ಸಹಜ ಒತ್ತಡವೆಷ್ಟು, ಇವನ್ನು ವಿಚಾರಿಸದೆ ಯಂತ್ರವನ್ನು ಕೈಗೆತ್ತಿಕೊಳ್ಳಬಾರದು. ಮೂತ್ರಕೋಶವೂ ಕರುಳೂ ಬರಿದಾಗಿರತಕ್ಕದ್ದು. ತುಂಬಿದ ಮೂತ್ರಕೋಶದ ಮೇಲೆ ಕಂಪನವನ್ನೂ ಹೊರಿಸಿದರೆ ಎರಡು ಪ್ರಚೋದನೆಗಳು ಕೂಡಿಕೊಳ್ಳುತ್ತವೆ. ವಿಕೋಪದ ಪ್ರವೃತ್ತಿಯುಳ್ಳವನಿಗೆ ಪ್ರಯೋಗಕ್ಕೆ 10-15 ನಿಮಿಷಗಳ ಮುಂಚೆ ನಿಫೆಡಿಪಿನ್ ಎಂಬ ಔಷಧಿಯನ್ನು 10ರಿಂದ 20 ಮಿಲಿಗ್ರಾಮಿನಷ್ಟು ಕೊಡುವ ಪದ್ಧತಿಯು 1990ರಿಂದೀಚೆಗೆ ಬಳಕೆಗೆ ಬಂದಿದೆ. ಸಾಮಾನ್ಯರ ರಕ್ತದೊತ್ತಡದ ಚಿಕಿತ್ಸೆಯಲ್ಲಿ ಇದೇ ಔಷಧಿಯನ್ನು ನಾಲಗೆಯ ಕೆಳಗಿಟ್ಟು ಒತ್ತಡವನ್ನು ಥಟ್ಟನೆ ಇಳಿಸಿದಾಗ ರಕ್ತವು ಸಾಲದೆ ಪಾರ್ಶ್ವವಾಯುವೂ ಹೃದಯಾಘಾತವೂ ಆದ ಪ್ರಸಂಗಗಳಿರುವುದರಿಂದ, 1996ರಲ್ಲಿ ಅದರ ವಿರುದ್ಧ ಬಲವಾದ ಎಚ್ಚರಿಕೆಯು ಪ್ರಕಟವಾಯಿತು. ಸಹಜ ಒತ್ತಡವೇ 90 ಇರುವ ರೋಗಿಯಲ್ಲಿ ಈ ಎಚ್ಚರಿಕೆಗೆ ಇಮ್ಮಡಿ ಬೆಲೆ. ಏರಿಕೆಯಿಂದ ಬರುವ ಪಾರ್ಶ್ವವಾಯುವನ್ನು ತಪ್ಪಿಸಹೋಗಿ ಇಳಿಕೆಯಿಂದ ಬರುವುದನ್ನು ಆಹ್ವಾನಿಸಬಾರದು.

ಪ್ರಯೋಗ ನಡೆಯುತ್ತಿರುವಷ್ಟು ಕಾಲವೂ, ಆ ಬಳಿಕವೂ, ರಕ್ತದೊತ್ತಡವನ್ನು ನಿಮಿಷ ನಿಮಿಷಕ್ಕೂ ಅಳೆಯುತ್ತಿರಬೇಕು. ಇದರ ಅಗತ್ಯವನ್ನು ಎತ್ತಿಹಿಡಿದುದು ಕೆನಡಾದ ವ್ಯಾಂಕೂವರಿನ ಆಂಡ್ರೇ ಕ್ರಸ್ಯುಕೋವ್, ಸ್ಟೇಸಿ ಎಲಿಯಟ್ ಮೊದಲಾದವರು 2008ರಲ್ಲಿ ಪ್ರಕಟಿಸಿದ ಅಧ್ಯಯನ. ವೀರ್ಯಸಂಗ್ರಹದ ವೇಳೆಯಲ್ಲಿ ಒತ್ತಡವು ಗಣನೀಯವಾಗಿ ಏರಿದ್ದರೂ ತಲೆನೋವೂ ಇಲ್ಲದೆ, ಬೆವರೂ ಇಲ್ಲದೆ, ತನಗೇನೂ ಆಗಿಲ್ಲವೆಂದು ರೋಗಿಯು ಹೇಳುವ ಮೌನ ವಿಕೋಪವು ಅಪರೂಪವಲ್ಲವೆಂದು ಅದು ತೋರಿಸಿತು. ರೋಗಿಯ ಮಾತನ್ನು ಮಾತ್ರ ನಂಬಿ ಕುಳಿತ ವೈದ್ಯನಿಗೆ ಈ ಬಗೆಯ ವಿಕೋಪವು ಗೋಚರವಾಗುವುದೇ ಇಲ್ಲ. ಒತ್ತಡವು ಏರಿತೆಂದರೆ ಮಾಡತಕ್ಕ ಕೆಲಸಗಳು ಸರಳ, ಆದರೆ ಅವುಗಳ ಅನುಕ್ರಮವು ತಪ್ಪಬಾರದು. ಮೊದಲು ಪ್ರಚೋದನೆಯನ್ನು ನಿಲ್ಲಿಸಬೇಕು. ಒಡನೆಯೇ ರೋಗಿಯನ್ನು ಎಬ್ಬಿಸಿ ನೆಟ್ಟಗೆ ಕೂರಿಸಿ ಕಾಲುಗಳನ್ನು ಇಳಿಬಿಡಬೇಕು, ಹಾಗೆ ಕೂತಾಗ ರಕ್ತವು ಕೆಳಕ್ಕೆ ಸರಿದು ಒತ್ತಡ ತಗ್ಗುತ್ತದೆ. ಸೊಂಟಪಟ್ಟಿ, ಬೂಟು, ಮೂತ್ರದ ಚೀಲದ ಕಟ್ಟುಗಳನ್ನು ಸಡಿಲಿಸಬೇಕು. ಕ್ಯಾಥೆಟರು ಮಡಿಸಿಕೊಂಡಿದೆಯೇ ನೋಡಬೇಕು. ಇಷ್ಟಾದರೂ ಸಂಕೋಚನದ ಒತ್ತಡವು 150ಕ್ಕೆ ಕಡಮೆಯಾಗದಿದ್ದಲ್ಲಿ ಬೇಗ ಕೆಲಸಮಾಡಿ ಬೇಗ ಇಳಿಯುವ ಔಷಧಿಯನ್ನು ಕೊಡಬೇಕೆಂದು ಅಮೆರಿಕದ ಬೆನ್ನುಹುರಿ ವೈದ್ಯಸಂಘಟನೆಗಳು ಕೂಡಿ ರೂಪಿಸಿದ ಮಾರ್ಗಸೂಚಿಯು ವಿಧಿಸುತ್ತದೆ. ಶಮನವಾದ ಮೇಲೆಯೂ ಕನಿಷ್ಠ 2 ಗಂಟೆಗಳ ಕಾಲ ರೋಗಿಯ ಮೇಲೆ ಕಣ್ಣಿಟ್ಟಿರಬೇಕು. ಇಲ್ಲಿ ಒಂದು ಗುಪ್ತವಾದ ಅಪಾಯವುಂಟು. ಇಂಥ ಪುರುಷರಲ್ಲಿ ಅನೇಕರು ಶಿಶ್ನೋದ್ರೇಕಕ್ಕಾಗಿ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳನ್ನು ಸೇವಿಸುತ್ತಾರೆ. ಮೊದಲನೆಯದನ್ನು ಸೇವಿಸಿದ 24 ಗಂಟೆಗಳೊಳಗೆ, ಎರಡನೆಯದಾದರೆ 48 ಗಂಟೆಗಳೊಳಗೆ, ನೈಟ್ರೇಟ್ ಜಾತಿಯ ಔಷಧಿಯನ್ನು ಕೊಟ್ಟರೆ ಒತ್ತಡವು ಪಾತಾಳಕ್ಕಿಳಿಯಬಹುದು. ಸಂಕೋಚದಿಂದ ರೋಗಿಯು ಹೇಳದೆ ಉಳಿಯಬಹುದಾದ ಈ ವಿಷಯವನ್ನು ವೈದ್ಯನೇ ಕೇಳಿ ತಿಳಿದುಕೊಳ್ಳುವುದು ಕರ್ತವ್ಯ.

ಪರಾವರ್ತನ ವಿಕೋಪದಿಂದ ದೇಹದ ಕಸುವು ತಾತ್ಕಾಲಿಕವಾಗಿ ಹೆಚ್ಚುವುದನ್ನು ಕಂಡ ಕೆಲವು ಗಾಲಿಕುರ್ಚಿಯ ಕ್ರೀಡಾಪಟುಗಳು ಮೂತ್ರವನ್ನು ತಡೆಹಿಡಿದೋ ಕಾಲನ್ನು ನೋಯಿಸಿಕೊಂಡೋ ಅದನ್ನು ಬೇಕೆಂದೇ ಬರಿಸಿಕೊಳ್ಳುತ್ತಿದ್ದುದುಂಟು. ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯು 1994ರಲ್ಲಿ ಅದನ್ನು ನಿಷೇಧಿಸಿತು. ವಿಕೋಪವನ್ನು ನೂರಾರು ಸಲ ಅನುಭವಿಸಿ ಅದಕ್ಕೆ ಒಗ್ಗಿಹೋದೆನೆಂಬ ಧೈರ್ಯವು ಎಂಥ ಪೊಳ್ಳು ಧೈರ್ಯವೆಂಬುದಕ್ಕೆ ಈ ನಿಷೇಧವೇ ಸಾಕ್ಷಿ. ಸಂತಾನ ಚಿಕಿತ್ಸೆಗೆ ಬರುವವರಲ್ಲಿಯೂ ಇದೇ ಧೈರ್ಯವು ಕಂಡುಬರುವುದರಿಂದ ಇಲ್ಲಿ ಪ್ರಸ್ತಾಪಿಸಬೇಕಾಯಿತು.

ಬೆನ್ನುಹುರಿಯ ಗಾಯಾಳುವಿಗೆ ಪಾರ್ಶ್ವವಾಯುವಿನ ಸಂಭವವು ಚಿಕಿತ್ಸೆಯಿಲ್ಲದೆಯೂ ಹೆಚ್ಚು ಎಂಬುದನ್ನು ಮರೆಯಬಾರದು. ಕೆನಡಾದಲ್ಲಿ ನಡೆದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಆಧಾರದ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನವು ಈ ಸಂಭವಾನುಪಾತವನ್ನು ಇತರರಿಗಿಂತ ಸುಮಾರು 3.7 ಪಟ್ಟೆಂದು ಕಂಡುಹಿಡಿಯಿತು. ಚಲನೆಯಿಲ್ಲದ ಜೀವನ, ದಿನವಿಡೀ ಒತ್ತಡದ ಏರಿಳಿತ ಇವೆಲ್ಲವೂ ಅದಕ್ಕೆ ಕಾರಣವಾಗಬಲ್ಲವು. ಆದುದರಿಂದ ಸಂತಾನ ಚಿಕಿತ್ಸೆಯ ಮೇಲೆ ಪೂರ್ತಿ ಹೊಣೆಯನ್ನು ಹೊರಿಸುವುದು ನ್ಯಾಯವಲ್ಲ; ನುರಿತ ಕೇಂದ್ರಗಳಲ್ಲಿ ಕಂಪನವೂ ವಿದ್ಯುತ್‌ಸ್ಖಲನವೂ ಸಾವಿರಾರು ಸಲ ನಡೆದಿವೆ; ಮಯಾಮಿಯ ವರದಿಯೊಂದರಲ್ಲಿಯೇ ಅಂಥ 3,152 ಪ್ರಯೋಗಗಳ ವಿವರವಿದೆ.

ಅಪಾಯದ ಭಯದಿಂದಲೂ ಸಲಕರಣೆಯ ಅಭಾವದಿಂದಲೂ ಅನೇಕ ಚಿಕಿತ್ಸಾಲಯಗಳು ಈ ವಿಧಾನಗಳನ್ನು ಬಿಟ್ಟು, ವೃಷಣದಿಂದ ನೇರವಾಗಿ ಸೂಜಿಯಿಂದಲೋ ಶಸ್ತ್ರದಿಂದಲೋ ವೀರ್ಯಾಣುಗಳನ್ನು ತೆಗೆದು, ಒಂದೊಂದು ಅಂಡಕ್ಕೆ ಒಂದೊಂದು ವೀರ್ಯಾಣುವನ್ನು ಚುಚ್ಚಿ ಸೇರಿಸುವ, 1992ರಲ್ಲಿ ಬ್ರಸೆಲ್ಸ್‌ನಿಂದ ಜಗತ್ತಿಗೆ ಪರಿಚಿತವಾದ ಇಕ್ಸಿ ವಿಧಾನಕ್ಕೆ ಕೈಹಾಕುತ್ತವೆ. ಇದರಲ್ಲಿ ಸ್ಖಲನದ ಪರಾವರ್ತನೆಯನ್ನು ಕೆರಳಿಸುವ ಪ್ರಮೇಯವಿಲ್ಲವೆಂಬುದು ನಿಜ. ಆದರೆ ಶಸ್ತ್ರದ ನೋವೂ ವಿಕೋಪಕ್ಕೆ ಕಾರಣವಾಗಬಲ್ಲದಾದುದರಿಂದ ರಕ್ತದೊತ್ತಡದ ಕಾವಲನ್ನು ಇಲ್ಲಿಯೂ ಬಿಡುವಂತಿಲ್ಲ. ಹೀಗೆ ದೊರೆಯುವ ವೀರ್ಯಾಣುಗಳು ಅಲ್ಪಸಂಖ್ಯೆಯವಾದುದರಿಂದ ದುಬಾರಿಯಾದ ಇಕ್ಸಿಯ ಹೊರತು ಬೇರೆ ದಾರಿಯೂ ಉಳಿಯುವುದಿಲ್ಲ. ಹಾರ್ಮೋನು ಚುಚ್ಚುಮದ್ದು, ಅಂಡಸಂಗ್ರಹಗಳ ಭಾರವು ಹೆಂಡತಿಯ ದೇಹದ ಮೇಲೆ ಬೀಳುತ್ತದೆ. ಬೆನ್ನುಹುರಿ ಗಾಯಾಳುಗಳ ವೀರ್ಯದಲ್ಲಿ ವೀರ್ಯಾಣುಗಳ ಸಂಖ್ಯೆಯು ಬಹುಮಟ್ಟಿಗೆ ಸರಿಯಾಗಿಯೇ ಇದ್ದು, ಚಲನೆ ಮಾತ್ರ ಕುಂದಿರುತ್ತದೆ. ಆ ಕುಂದಿಗೆ ವೀರ್ಯದ್ರವದಲ್ಲಿ ಸೇರಿಕೊಳ್ಳುವ ಬಿಳಿರಕ್ತಕಣಗಳೂ ಉರಿಯೂತದ ರಸಗಳೂ ಕಾರಣವೆಂದು ಕಂಡುಬಂದಿದೆ. ಚಲಿಸುವ ವೀರ್ಯಾಣುಗಳು ಸಾಕಷ್ಟಿದ್ದಲ್ಲಿ ಅವನ್ನು ಗರ್ಭಕೋಶಕ್ಕೆ ಸೇರಿಸುವ ಸುಲಭವಾದ ಮಾರ್ಗವು ಸಾಲುವುದರಿಂದ, ಕಂಪನವನ್ನು ಸರಿಯಾಗಿ ಪರೀಕ್ಷಿಸದೆ ನೇರವಾಗಿ ಶಸ್ತ್ರಕ್ಕೆ ಹೋಗುವುದು ಸರಿಯಲ್ಲವೆಂಬ ಮಯಾಮಿಯ ವೈದ್ಯರ ವಾದವು ಯುಕ್ತವೆಂದು ತೋರುತ್ತದೆ. ಅಪಾಯವನ್ನು ನಿವಾರಿಸುವ ವಿದ್ಯೆ ಕೈಯಲ್ಲಿರುವಾಗ, ಅಪಾಯದ ಹೆಸರಿನಲ್ಲಿ ದಂಪತಿಗಳ ಹಣವನ್ನೂ ಹೆಂಡತಿಯ ಆರೋಗ್ಯವನ್ನೂ ವೆಚ್ಚಮಾಡಿಸುವುದು ಒಪ್ಪತಕ್ಕ ಮಾತಲ್ಲ.

ಭಾರತದಲ್ಲಿ ಬೆನ್ನುಹುರಿಯ ಗಾಯಕ್ಕೆ ಎತ್ತರದಿಂದ ಬೀಳುವುದೂ ರಸ್ತೆಯ ಅಪಘಾತಗಳೂ ಪ್ರಧಾನ ಕಾರಣಗಳು. ಮಲೆನಾಡು ಕರಾವಳಿಗಳಲ್ಲಿ ಅಡಕೆಯ ಮರದಿಂದ, ತೆಂಗಿನ ಮರದಿಂದ ಬಿದ್ದ ಕೂಲಿಕಾರರು ಈ ಸಾಲಿಗೆ ಸೇರುತ್ತಾರೆ. 1954ರಲ್ಲಿ ವಾಹನಾಪಘಾತದಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡ ವೈದ್ಯೆ ಮೇರಿ ವರ್ಗೀಸರು ಗಾಲಿಕುರ್ಚಿಯಲ್ಲಿಯೇ ಕುಳಿತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕಟ್ಟಿ ಬೆಳೆಸಿದ ಪುನರ್ವಸತಿ ವಿಭಾಗವು ದಕ್ಷಿಣ ಭಾರತದಲ್ಲಿ ಇಂಥವರ ಆರೈಕೆಗೆ ದಾರಿತೋರಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಂತಾನೋತ್ಪತ್ತಿಯ ವಿಷಯದಲ್ಲಿ ಸೂಕ್ತ ಮಾಹಿತಿಯನ್ನು ಪಡೆಯುವ ಅವಕಾಶವನ್ನು ಇವರಿಗೆ ಒದಗಿಸಬೇಕೆಂದು ಸರಕಾರಗಳಿಗೆ ವಿಧಿಸಿದೆ. 2021ರ ಸಂತಾನ ತಂತ್ರಜ್ಞಾನ ನಿಯಂತ್ರಣ ಕಾಯಿದೆಯು ಚಿಕಿತ್ಸೆ ಪಡೆಯುವ ಪುರುಷನ ವಯಸ್ಸನ್ನು 21ರಿಂದ 55ಕ್ಕೆ ಸೀಮಿತಗೊಳಿಸಿದೆ. ಸಂತಾನ ಚಿಕಿತ್ಸಾಲಯದ ವೈದ್ಯನಿಗೆ ಬೆನ್ನುಹುರಿಯ ಪರಿಚಯವೂ, ಬೆನ್ನುಹುರಿಯ ವೈದ್ಯನಿಗೆ ಸಂತಾನ ಚಿಕಿತ್ಸೆಯ ಪರಿಚಯವೂ ಸಾಕಷ್ಟಿಲ್ಲದೆಡೆಯಲ್ಲಿ, ರೋಗಿಯು ಇಬ್ಬರ ನಡುವೆ ಕೈಬಿಟ್ಟುಹೋಗುವ ಭಯವುಂಟು.

ಕಂಪನಯಂತ್ರವನ್ನು ಮನೆಯಲ್ಲಿಯೇ ಬಳಸಿ, ದೊರೆತ ವೀರ್ಯವನ್ನು ಹೆಂಡತಿಯ ಅಂಡೋತ್ಪತ್ತಿಯ ದಿನಗಳಲ್ಲಿ ಸೂಜಿಯಿಲ್ಲದ ಸಿರಿಂಜಿನಿಂದ ಯೋನಿಯೊಳಕ್ಕೆ ಸೇರಿಸಿ ಮಕ್ಕಳನ್ನು ಪಡೆದ ದಂಪತಿಗಳು ಅನೇಕ ದೇಶಗಳಲ್ಲಿದ್ದಾರೆ. ಖರ್ಚೂ ಕಡಮೆ, ಗೋಪ್ಯವೂ ಉಳಿಯುತ್ತದೆ. ಆದರೆ ಮೊದಲ ಪ್ರಯೋಗಗಳು ಆಸ್ಪತ್ರೆಯಲ್ಲಿಯೇ, ಒತ್ತಡವನ್ನು ಅಳೆಯುತ್ತ ನಡೆದಿರಬೇಕು. ವಿಕೋಪವಾಗದವರು, ಅಥವಾ ಮುಂಚಿತವಾಗಿ ಔಷಧಿ ಕೊಟ್ಟಾಗ ಒತ್ತಡವು ಹತೋಟಿಯಲ್ಲಿ ನಿಂತುದು ಖಚಿತವಾದವರು ಮಾತ್ರ ಯಂತ್ರವನ್ನು ಮನೆಗೊಯ್ಯಬಹುದು. ಒತ್ತಡಮಾಪಕವನ್ನು ಬಳಸುವುದನ್ನೂ, ಯಂತ್ರವನ್ನು ಯಾವಾಗ ಕೆಳಗಿಡಬೇಕೆಂಬುದನ್ನೂ ಗಂಡಹೆಂಡಿರಿಬ್ಬರೂ ಕಲಿತಿರಬೇಕು. ಮಲಗಿಸುವುದಕ್ಕಿಂತ ಕುಳ್ಳಿರಿಸಿ ಅಥವಾ ತಲೆಯನ್ನು ಎತ್ತರಿಸಿ ಪ್ರಯೋಗ ನಡೆಸುವುದು ಲೇಸು. ತಲೆನೋವು ಬಂದೊಡನೆ, ವೀರ್ಯ ದೊರೆಯಲಿ ದೊರೆಯದಿರಲಿ, ಆ ದಿನದ ಪ್ರಯತ್ನವನ್ನು ಕೈಬಿಟ್ಟು ಮುಂದಿನ ತಿಂಗಳಿಗೆ ಕಾಯತಕ್ಕದ್ದು.